ತಾಳಗುಂದದ ಕಂಬದ ಕಥೆ ಹೇಳೋರು ಬೇಕು

ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಏಷ್ಯಾದ ಕಲೆಗೆಂದೇ ಒಂದು ಮ್ಯೂಸಿಯಂ ಇದೆ. ತರಬೇತಾದ ಸ್ವಯಂಸೇವಕರು ಬಂದವರನ್ನು ಸುತ್ತಾಡಿಸಿ, ನಮ್ಮ ಕಡೆಯ ಮೂರ್ತಿಗಳ ಕಥೆ ಹೇಳುತ್ತಾರೆ. ಶಿಕಾರಿಪುರ, ಸೊರಬದಲ್ಲಿ ಮೂರ್ತಿಗಳಿಗೇನು ಬರವೇ ಸ್ವಾಮಿ? ಬಳ್ಳಿಗಾವಿಯ ಕೇದಾರೇಶ್ವರ, ಗಂಡಭೇರುಂಡ ಕಂಬ, ಕುಬಟೂರಿನ ಕೈಟಭೇಶ್ವರ, ಸೊರಬದ ಹಳ್ಳಿಗಳ ವೀರಗಲ್ಲು. ಬೇಕಿರೋದು ಹೇಳೋರು.

ಶಿಕಾರಿಪುರ ತಾಲೂಕು ತಾಳಗುಂದದ ಪ್ರಣವೇಶ್ವರ ಗುಡಿ ಮುಂದಿನ ಕಂಬವನ್ನೇ ನೋಡಿ. 5ನೇ ಶತಮಾನದಲ್ಲಿ, ಕದಂಬ ಶಾಂತಿವರ್ಮನ ಕಾಲಕ್ಕೆ, ಕುಬ್ಜನೆಂಬ ಕವಿ ಅದರ ಮೇಲೆ ಸಂಸ್ಕೃತ ಪದ್ಯ ಬರೆದ. ವೇದ ಕಲಿಯಲು ವೀರಶರ್ಮನ ಜೊತೆ ಕಂಚಿಗೆ ಹೋದ ಮಯೂರಶರ್ಮ, ಅಲ್ಲಿ ಪಲ್ಲವರ ಕುದುರೆ ಸವಾರನ ಸಂಗಡ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದದ್ದೆಲ್ಲ ಅದರಲ್ಲಿದೆ. ಶಾಲೆ ಪಾಠದ ಮಯೂರನಿಗೂ, 1975ರಲ್ಲಿ ರಾಜ್‌ಕುಮಾರ್ ಕುಣಿಸಿದ ಕುದುರೆಗೂ ಮೂಲಸಾಕ್ಷಿ ಈ ಕಲ್ಲೇ!

ಆದರೆ ಆ ಲಿಪಿ ನಮಗೆ ಓದಲು ಬಾರದು. ಪ್ರವಾಸಕ್ಕೆ ಬಂದ ಮಕ್ಕಳು ಕಂಬ ಸುತ್ತಿ, ಚಿತ್ರಾನ್ನ ತಿಂದು ಬಸ್ಸು ಹತ್ತಿದರೆ ಏನು ಬಂತು? ಭಾನುವಾರಕ್ಕೊಮ್ಮೆ ಇತಿಹಾಸದ ಮೇಷ್ಟ್ರೊಬ್ಬರು ಅಲ್ಲಿ ಅರ್ಧ ಗಂಟೆ ಮಾತಾಡಲಿ. ಬಸ್ ಚಾರ್ಜು, ಕಾಫಿ ಖರ್ಚು ಪಂಚಾಯ್ತಿಯವರು ನೋಡಿಕೊಳ್ಳಲಿ. ಆ ಕುದುರೆ ಜಗಳದಿಂದಲೇ ಶುರು ಮಾಡಲಿ, ಹುಡುಗರು ಎದ್ದು ಹೋಗೋದಿಲ್ಲ.