ಮೂವತ್ತೇಳು ಅಶ್ವಶಕ್ತಿಯ ಪಾಠಶಾಲೆ

ಮಾರುತಿ 800 ಕಾರಿನ ಮೂರು ಸಿಲಿಂಡರಿನ 796 ಸಿಸಿ ಎಂಜಿನ್ನಿನ ಬಲ ಸುಮಾರು 37 ಅಶ್ವಶಕ್ತಿ. ಅಜ್ಜಿ, ಮಕ್ಕಳು, ಮೂಟೆಗಂಟು ಎಲ್ಲವನ್ನೂ ತುಂಬಿಕೊಂಡು ಊರಿಗೆ ಹೋಗಿಬರಲು ಅದು ಧಾರಾಳವಾಗಿ ಸಾಕಾಗುತ್ತಿತ್ತು. ರೇಸಿಗೂ ಸಾಕು ಎಂದವರು ಕೊಯಮತ್ತೂರಿನ ಎಸ್. ಕರಿವರ್ಧನ್. 1980ರ ದಶಕದ ಕೊನೆಯಲ್ಲಿ ಅವರು ಮಾರುತಿ ಎಂಜಿನ್ನನ್ನು ಒಂಟಿ ಸೀಟಿನ ಪುಟ್ಟ ರೇಸ್ ಕಾರಿಗೆ ಜೋಡಿಸಿ ‘ಫಾರ್ಮುಲಾ ಮಾರುತಿ’ ಎಂಬ ವರ್ಗವನ್ನೇ ಹುಟ್ಟುಹಾಕಿದರು. ಎಂಜಿನ್ನಿನ ಬಿಡಿಭಾಗಗಳು ಯಾವ ಊರಲ್ಲಾದರೂ ಸಿಗುತ್ತಿದ್ದವು. ನಾರಾಯಣ್ ಕಾರ್ತಿಕೇಯನ್ ಮೊದಮೊದಲು ಓಡಿಸಿದ್ದು ಇಂಥದೇ ಕಾರನ್ನು. 2005ರಲ್ಲಿ ಅವರು ಫಾರ್ಮುಲಾ 1ರಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯರಾದರು.

ಸಣ್ಣ ಎಂಜಿನ್ನಿನಿಂದ ಶುರುಮಾಡುವುದಕ್ಕೆ ಹಣದ ಕಾರಣವಂತೂ ಇದ್ದೇ ಇದೆ. ಭೌತಶಾಸ್ತ್ರದ ಕಾರಣ ಅದಕ್ಕಿಂತ ಗಟ್ಟಿ.

ತಿರುವಿನ ಲೆಕ್ಕ

ನೇರ ದಾರಿಯಲ್ಲಿ ಆಕ್ಸಿಲರೇಟರ್ ತುಳಿಯುವುದು ಯಾರಿಗೂ ಬರುತ್ತದೆ. ರೇಸಿನ ಹಣೆಬರಹ ತೀರ್ಮಾನವಾಗುವುದು ತಿರುವುಗಳಲ್ಲಿ. ಅಲ್ಲಿ ಕಾರನ್ನು ಒಳಕ್ಕೆ ಎಳೆದು ಹಿಡಿಯುವುದು ಟೈರು ಮತ್ತು ನೆಲದ ನಡುವಿನ ಘರ್ಷಣೆ ಮಾತ್ರ. ತಿರುವಿನ ತ್ರಿಜ್ಯ, ಘರ್ಷಣಾಂಕ, ಗುರುತ್ವ ವೇಗೋತ್ಕರ್ಷ, ಈ ಮೂರನ್ನು ಗುಣಿಸಿ ವರ್ಗಮೂಲ ತೆಗೆದರೆ ಆ ತಿರುವಿನ ಗರಿಷ್ಠ ವೇಗ ಸಿಗುತ್ತದೆ. ಈ ಸೂತ್ರದಲ್ಲಿ ಅಶ್ವಶಕ್ತಿಗೆ ಜಾಗವೇ ಇಲ್ಲ.

ಒಣ ರಸ್ತೆಯ ಮೇಲೆ ಒಳ್ಳೆಯ ಟೈರಿನ ಘರ್ಷಣಾಂಕ 0.9 ಎಂದುಕೊಳ್ಳೋಣ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಸೆಕೆಂಡಿಗೆ 21 ಮೀಟರ್, ಅಂದರೆ ಗಂಟೆಗೆ ಸುಮಾರು 76 ಕಿ.ಮೀ. ವೇಗದಲ್ಲಿ ಹೋಗಬಹುದು. ಅದಕ್ಕಿಂತ ಹೆಚ್ಚಾದರೆ ಕಾರು ಹೊರಕ್ಕೆ ಜಾರುತ್ತದೆ. ಅದೇ ತಿರುವನ್ನು ಟ್ರ್ಯಾಕಿನ ಹೊರಅಂಚಿನಿಂದ ಹಿಡಿದು, ನಡುವೆ ಒಳಅಂಚನ್ನು ಸವರಿ, ಮತ್ತೆ ಹೊರಅಂಚಿಗೆ ತೇಲಿಬಿಟ್ಟರೆ ಕಾರು ಸಾಗುವ ಕಮಾನು ದೊಡ್ಡದಾಗುತ್ತದೆ. ತ್ರಿಜ್ಯ 60 ಮೀಟರಿಗೆ ಏರಿತೆಂದರೆ ವೇಗವೂ ಸೆಕೆಂಡಿಗೆ 23 ಮೀಟರಿಗೆ, ಗಂಟೆಗೆ ಸುಮಾರು 83 ಕಿ.ಮೀ.ಗೆ ಏರುತ್ತದೆ. ಕಾರಿಗೆ ಒಂದು ರೂಪಾಯಿ ಖರ್ಚಿಲ್ಲದೆ ಗಂಟೆಗೆ 7 ಕಿ.ಮೀ. ಲಾಭ. ರೇಸಿನವರು ‘ಲೈನ್’ ಎಂದು ಜಪಿಸುವುದು ಇದನ್ನೇ. ಒಳಅಂಚನ್ನು ಸವರುವ ಬಿಂದು ‘ಅಪೆಕ್ಸ್’.

ಈ 7 ಕಿ.ಮೀ. ಕಳೆದುಕೊಂಡರೆ ಏನಾಗುತ್ತದೆ? ಚಾಲಕನೂ ಸೇರಿ 600 ಕಿಲೋ ತೂಗುವ, 37 ಅಶ್ವಶಕ್ತಿಯ ಕಾರನ್ನು ಊಹಿಸಿಕೊಳ್ಳಿ. ಗಾಳಿಯ ತಡೆ, ಗೇರಿನ ನಷ್ಟಗಳನ್ನು ಬಿಟ್ಟು ಲೆಕ್ಕ ಹಾಕಿದರೂ ಆ ವೇಗವನ್ನು ಮರಳಿ ಗಳಿಸಲು ಎಂಜಿನ್ನಿಗೆ ಒಂದು ಸೆಕೆಂಡು ಬೇಕು. 1,200 ಕಿಲೋ ತೂಕ, 360 ಅಶ್ವಶಕ್ತಿಯ ಕಾರಾದರೆ ಸೆಕೆಂಡಿನ ಐದನೇ ಒಂದು ಭಾಗದಲ್ಲಿ ಕೆಲಸ ಮುಗಿಯುತ್ತದೆ. ಬಲಶಾಲಿ ಎಂಜಿನ್ ಚಾಲಕನ ತಪ್ಪನ್ನು ನೇರ ದಾರಿಯಲ್ಲಿ ಮುಚ್ಚಿಹಾಕುತ್ತದೆ. ಸಣ್ಣ ಎಂಜಿನ್ ಅದನ್ನು ಗಡಿಯಾರದ ಮೇಲೆ ದಪ್ಪಕ್ಷರದಲ್ಲಿ ಬರೆದು ತೋರಿಸುತ್ತದೆ. ಕಲಿಯುವವನಿಗೆ ಬೇಕಾದದ್ದು ಎರಡನೆಯದು.

ಟೈರಿನ ಆಯವ್ಯಯ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ಟೈರಿಗೆ ಹೇಳಿ ಮಾಡಿಸಿದಂತಿದೆ. ಬ್ರೇಕ್ ಹಾಕುವುದಕ್ಕೂ ತಿರುಗುವುದಕ್ಕೂ ವೇಗ ಹೆಚ್ಚಿಸುವುದಕ್ಕೂ ಅದರ ಬಳಿ ಇರುವುದು ಒಂದೇ ಹಿಡಿತ. ಬ್ರೇಕಿಗೆ ಶೇ. 100 ಖರ್ಚಾದರೆ ಸ್ಟಿಯರಿಂಗ್ ತಿರುಗಿಸಿದರೂ ಕಾರು ಕೇಳುವುದಿಲ್ಲ. ಬಲಗಳಿಗೆ ದಿಕ್ಕೂ ಇರುವುದರಿಂದ ಲೆಕ್ಕ ಸರಳ ಕೂಡು–ಕಳೆ ಅಲ್ಲ. ಬ್ರೇಕಿಗೆ ಶೇ. 80 ಬಳಸಿದರೆ ತಿರುವಿಗೆ ಶೇ. 60 ಉಳಿಯುತ್ತದೆ. ಎಂಜಿನಿಯರುಗಳು ಇದನ್ನು ‘ಘರ್ಷಣೆಯ ವೃತ್ತ’ ಎನ್ನುತ್ತಾರೆ. ನೇರದಲ್ಲಿ ಗಟ್ಟಿಯಾಗಿ ಬ್ರೇಕ್ ತುಳಿದು, ತಿರುವು ಹತ್ತಿರವಾದಂತೆ ಪಾದವನ್ನು ನಿಧಾನವಾಗಿ ಸಡಿಲಿಸುತ್ತಾ ಸ್ಟಿಯರಿಂಗ್ ಸೇರಿಸುತ್ತಾ ಹೋಗುವುದೆಂದರೆ ಈ ವೃತ್ತದ ಅಂಚಿನಲ್ಲೇ ನಡೆಯುವುದು.

ತೂಕವೂ ಒಂದೆಡೆ ನಿಲ್ಲುವುದಿಲ್ಲ. ಮುಂದಿನ ಚಕ್ರಗಳ ಮೇಲೆ 600, ಹಿಂದಿನವುಗಳ ಮೇಲೆ 400 ಕಿಲೋ ಭಾರವಿರುವ ಸಾಮಾನ್ಯ ಹ್ಯಾಚ್‌ಬ್ಯಾಕ್ ಕಾರನ್ನು ತೆಗೆದುಕೊಳ್ಳಿ. ಅರ್ಧ ಮೀಟರ್ ಎತ್ತರದಲ್ಲಿ ಗುರುತ್ವ ಕೇಂದ್ರ, ಚಕ್ರಗಳ ನಡುವೆ ಎರಡೂವರೆ ಮೀಟರ್ ಅಂತರ. ಜೋರಾಗಿ ಬ್ರೇಕ್ ಹಾಕಿದ ಕ್ಷಣ ಸುಮಾರು 180 ಕಿಲೋ ಭಾರ ಹಿಂದಿನಿಂದ ಮುಂದಕ್ಕೆ ವಾಲುತ್ತದೆ. ಹಿಂದೆ ಉಳಿಯುವುದು 220 ಮಾತ್ರ. ಹಗುರಾದ ಹಿಂಬದಿ ಆಗ ಜಾರಲು ಸಿದ್ಧವಾಗಿರುತ್ತದೆ. ತಿರುವಿನ ನಡುವೆ ಹೆದರಿ ಬ್ರೇಕ್ ತುಳಿದ ಹೊಸಬರ ಕಾರು ಬುಗುರಿಯಂತೆ ಸುತ್ತುವುದು ಇದಕ್ಕೇ.

ಬ್ರೇಕು ಎಂಬ ಒಲೆ

ಒಂದು ಟನ್ನಿನ ಕಾರು ಗಂಟೆಗೆ 144ರಿಂದ 72 ಕಿ.ಮೀ.ಗೆ ಇಳಿಯುವಾಗ 600 ಕಿಲೋಜೂಲ್ ಚಲನಶಕ್ತಿ ಶಾಖವಾಗಬೇಕು. ಅದರ ಬಹುಪಾಲು ಮುಂದಿನ ಡಿಸ್ಕುಗಳ ಪಾಲು. ತಲಾ ಐದು ಕಿಲೋ ಡಿಸ್ಕುಗಳು ಶೇ. 70ರಷ್ಟು ಶಾಖ ನುಂಗಿದರೂ ಒಂದೇ ಬ್ರೇಕಿಗೆ ಉಷ್ಣತೆ ಸುಮಾರು 90 ಡಿಗ್ರಿ ಏರುತ್ತದೆ. ತಣಿಯುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ.

ಗ್ಯಾರೇಜಿನವರು ಬ್ರೇಕ್ ಆಯಿಲ್ ಎನ್ನುವ ದ್ರವ ಗಾಳಿಯ ತೇವವನ್ನು ಹೀರುವ ಗುಣದ್ದು. ಹೊಸ ‘ಡಾಟ್ 4’ ದರ್ಜೆಯ ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿ ಹಳತಾದ ಮೇಲೆ ಮಾನದಂಡ ಕೇಳುವುದು 155 ಡಿಗ್ರಿಯನ್ನಷ್ಟೇ. ದ್ರವ ಕುದಿದು ಆವಿಯ ಗುಳ್ಳೆ ಎದ್ದರೆ ಪೆಡಲ್ ಒತ್ತಿದಾಗ ಕುಗ್ಗುವುದು ಗುಳ್ಳೆಯೇ ಹೊರತು ಪ್ಯಾಡ್ ಡಿಸ್ಕನ್ನು ಕಚ್ಚುವುದಿಲ್ಲ. ಊರೊಳಗೆ ವರ್ಷಗಟ್ಟಲೆ ತೊಂದರೆ ಕೊಡದ ಬ್ರೇಕು ಟ್ರ್ಯಾಕಿನಲ್ಲಿ ಕೆಲವೇ ಸುತ್ತಿಗೆ ಕೈಕೊಡಬಹುದು. ಎಂಜಿನ್ನಿಗೆ ಕೈ ಹಾಕುವ ಮುನ್ನ ಹೊಸ ಬ್ರೇಕ್ ಆಯಿಲ್, ಶಾಖ ತಡೆಯುವ ಪ್ಯಾಡ್ ಹಾಕಿಸುವುದು ಅದಕ್ಕಾಗಿ.

ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಅಮೆರಿಕದಲ್ಲಿ 2006ರಲ್ಲಿ ‘24 ಅವರ್ಸ್ ಆಫ್ ಲೆಮನ್ಸ್’ ಎಂಬ ತಮಾಷೆಯ ರೇಸ್ ಸರಣಿ ಆರಂಭವಾಯಿತು. ಕಾರಿನ ಬೆಲೆ 500 ಡಾಲರ್ ಮೀರಬಾರದೆಂಬುದು ಅದರ ನಿಯಮ. ಆದರೆ ರೋಲ್ ಕೇಜ್ (ಚಾಲಕನ ಸುತ್ತಲಿನ ಕಂಬಿಗಳ ಪಂಜರ), ಬ್ರೇಕ್, ಟೈರು ಮುಂತಾದ ಸುರಕ್ಷತೆಯ ವಸ್ತುಗಳ ಬೆಲೆಯನ್ನು ಅವರು ಈ ಮಿತಿಯಿಂದ ಹೊರಗಿಟ್ಟರು. ಗುಜರಿ ಕಾರಿನ ರೇಸಿನಲ್ಲೂ ಜೀವದ ವಿಷಯದಲ್ಲಿ ಜಿಪುಣತನವಿಲ್ಲ.

ಬೈಕಿನ ಹೆಲ್ಮೆಟ್ ಕಾರ್ ರೇಸಿಗೆ ಒಪ್ಪುವುದಿಲ್ಲ. ಕಾರ್ ರೇಸಿನ ಹೆಲ್ಮೆಟ್ಟನ್ನು ಬೆಂಕಿಗೂ ರೋಲ್ ಕೇಜಿನ ಕಂಬಿಗೆ ಬಡಿಯುವ ಪೆಟ್ಟಿಗೂ ಒಡ್ಡಿ ಪರೀಕ್ಷಿಸುತ್ತಾರೆ. ಡಿಕ್ಕಿಯಾದಾಗ ಬೆಲ್ಟು ಎದೆಯನ್ನು ಹಿಡಿದು ನಿಲ್ಲಿಸುತ್ತದೆ, ತಲೆ ಮಾತ್ರ ಮುಂದಕ್ಕೆ ಹಾರುತ್ತದೆ. ತಲೆಬುರುಡೆಯ ಬುಡ ಮುರಿಯುವುದು ಆಗಲೇ. ಇದನ್ನು ತಪ್ಪಿಸಲು ಮಿಶಿಗನ್‌ನ ಜೈವಿಕ ಯಂತ್ರಶಾಸ್ತ್ರಜ್ಞ ರಾಬರ್ಟ್ ಹಬರ್ಡ್ 1980ರ ದಶಕದಲ್ಲಿ ತಮ್ಮ ಬಂಧು, ರೇಸ್ ಚಾಲಕ ಜಿಮ್ ಡೌನಿಂಗ್ ಜೊತೆಗೂಡಿ ‘ಹ್ಯಾನ್ಸ್’ ಸಾಧನ ರೂಪಿಸಿದರು. ಹೆಗಲ ಮೇಲೆ ಕೂರುವ ಕೊರಳಪಟ್ಟಿ ಹೆಲ್ಮೆಟ್ಟನ್ನು ಹಿಡಿದಿಡುತ್ತದೆ. 2003ರಿಂದ ಫಾರ್ಮುಲಾ 1ರಲ್ಲಿ ಅದು ಕಡ್ಡಾಯ.

ಮೊದಲ ಮೆಟ್ಟಿಲು

ಅತಿ ಅಗ್ಗದ ದಾರಿ ಬಾಡಿಗೆ ಗೋ–ಕಾರ್ಟ್. ಬೆಂಗಳೂರಿನ ರೇಸ್ ಚಾಲಕ ಅರ್ಜುನ್ ಮೈನಿ, ಫಾರ್ಮುಲಾ 2ರವರೆಗೆ ಏರಿದ ಅವರ ತಮ್ಮ ಕುಶ್ ಮೈನಿ ಇಬ್ಬರೂ ಕಾರ್ಟಿನಿಂದಲೇ ಬಂದವರು. ಕಾರ್ಟಿನ ಹಿಂದಿನ ಎರಡೂ ಚಕ್ರ ಒಂದೇ ಗಟ್ಟಿ ಆಕ್ಸಲ್‌ಗೆ ಬೆಸೆದಿರುತ್ತವೆ. ತಿರುವಿನಲ್ಲಿ ಒಳಗಿನ ಹಿಂಚಕ್ರ ನೆಲ ಬಿಟ್ಟು ತುಸು ಏಳದಿದ್ದರೆ ಅದು ಸಲೀಸಾಗಿ ತಿರುಗುವುದೇ ಇಲ್ಲ. ಭಾರದ ವರ್ಗಾವಣೆಯನ್ನು ಮೈಗೆ ತಿಳಿಸಲು ಇದಕ್ಕಿಂತ ನೇರವಾದ ಯಂತ್ರವಿಲ್ಲ.

ಮುಂದಿನ ಮೆಟ್ಟಿಲಿಗೆ ಟ್ರ್ಯಾಕುಗಳು ಪಕ್ಕದ ತಮಿಳುನಾಡಿನಲ್ಲಿವೆ. ಬೆಂಗಳೂರು–ಚೆನ್ನೈ ಹೆದ್ದಾರಿಯ ಬದಿಯ ಇರುಂಗಾಟ್ಟುಕೋಟ್ಟೈಯಲ್ಲಿ 3.7 ಕಿ.ಮೀ. ಉದ್ದದ ಟ್ರ್ಯಾಕ್ ಇದೆ. ಕೊಯಮತ್ತೂರಿನಲ್ಲಿರುವುದು ಕರಿವರ್ಧನ್ ಹೆಸರಿನ ಕರಿ ಮೋಟರ್ ಸ್ಪೀಡ್‌ವೇ. ಸ್ಪರ್ಧಿಸಲು ದೇಶದ ಮೋಟರ್ ಕ್ರೀಡೆಯ ಒಕ್ಕೂಟವಾದ ಎಫ್‌ಎಂಎಸ್‌ಸಿಐಯ ಲೈಸೆನ್ಸ್ ಬೇಕು. ಫಾರ್ಮುಲಾ ಮಾರುತಿಯ ವಂಶದ ಫಾರ್ಮುಲಾ ಎಲ್‌ಜಿಬಿಯಂಥ ಒಂದೇ ಮಾದರಿಯ ವರ್ಗಗಳು ಹೊಸಬರಿಗೆ ಹಿತ. ಎಲ್ಲರ ಎಂಜಿನ್, ಟೈರು ಒಂದೇ ಆದ್ದರಿಂದ ದುಡ್ಡಿನಿಂದ ವೇಗ ಕೊಳ್ಳುವ ದಾರಿ ಬಹಳಮಟ್ಟಿಗೆ ಮುಚ್ಚಿರುತ್ತದೆ.

ಖರ್ಚಿನ ಸರದಿ ಹೀಗಿರಲಿ: ಮೊದಲು ಹೆಲ್ಮೆಟ್ ಮತ್ತು ತರಬೇತಿ, ಆಮೇಲೆ ಬ್ರೇಕು, ಟೈರು, ಟ್ರ್ಯಾಕಿನ ಸಮಯ. ಎಂಜಿನ್ನಿನ ಬಲ ಕಟ್ಟಕಡೆಗೆ. ಅದರ ಸರದಿ ಬಂತೆಂದು ತಿಳಿಯಲು ಗಡಿಯಾರವೇ ಸಾಕು. ಒಂದೇ ಕಾರಿನಲ್ಲಿ ಸಾಲಾಗಿ ಹತ್ತು ಸುತ್ತು ಹಾಕಿ, ಸುತ್ತುಗಳ ಸಮಯದ ನಡುವೆ ಅರ್ಧ ಸೆಕೆಂಡಿಗಿಂತ ಹೆಚ್ಚು ಅಂತರವಿದ್ದರೆ ಸುಧಾರಿಸಬೇಕಾದದ್ದು ಇನ್ನೂ ಸ್ಟಿಯರಿಂಗ್ ಹಿಡಿದ ಕೈಯಲ್ಲೇ ಇದೆ.