ಸಮೂಹ ಪರವಾನಗಿಯ ಮೂಲಕ ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯನ್ನು ಸಕ್ರಿಯಗೊಳಿಸುವುದು: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಸರ್ಕಾರಿ ಸೇವೆಗಳಿಗೆ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸುವ ನಾಗರಿಕರು, ಸೇವಾ ಕೇಂದ್ರ ಅಥವಾ ಗಣಕಯಂತ್ರ ತರಬೇತಿ ಕೇಂದ್ರಗಳನ್ನು ನಡೆಸುವವರು, ಶಾಲಾ ಕಾಲೇಜುಗಳ ಆಡಳಿತ ಮಂಡಳಿಗಳು ಹಾಗೂ ಬಳಸಿದ ಗಣಕಯಂತ್ರಗಳನ್ನು ಖರೀದಿಸುವವರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ.

ಖರೀದಿಸುವಾಗ ಸರಿಯಾಗಿದ್ದ ಗಣಕಯಂತ್ರವು ಸುಮಾರು ಆರು ತಿಂಗಳ ನಂತರ ವಿಂಡೋಸ್ ಸಕ್ರಿಯವಾಗಿಲ್ಲವೆಂಬ ಸಂದೇಶವನ್ನು ತೋರಿಸುವುದುಂಟು. ಇದು ಯಂತ್ರದ ದೋಷವಲ್ಲ. ಬಹುತೇಕ ಸಂದರ್ಭಗಳಲ್ಲಿ, ಯಾವುದೋ ಸಂಸ್ಥೆಗೆ ನೀಡಲಾದ ಸಮೂಹ ಪರವಾನಗಿಯ ಅಡಿಯಲ್ಲಿ ಆ ಯಂತ್ರವು ಸಕ್ರಿಯಗೊಂಡಿದ್ದು, ಅದರ ಅವಧಿ ಮುಗಿದಿರುತ್ತದೆ. ಸಮೂಹ ಪರವಾನಗಿಯ ಕಾರ್ಯವಿಧಾನವನ್ನು ತಿಳಿದಿದ್ದಲ್ಲಿ ಖರೀದಿಯ ವೇಳೆಯಲ್ಲಿಯೇ ಇಂತಹ ನಷ್ಟವನ್ನು ತಪ್ಪಿಸಿಕೊಳ್ಳಬಹುದು.

2. ಪರವಾನಗಿ ಮತ್ತು ಸಕ್ರಿಯಗೊಳಿಸುವಿಕೆ: ವ್ಯತ್ಯಾಸ

ಪರವಾನಗಿ ಎಂದರೆ ತಂತ್ರಾಂಶವನ್ನು ಬಳಸಲು ಅದರ ಹಕ್ಕುದಾರರು ನೀಡುವ ಕಾನೂನುಬದ್ಧ ಅನುಮತಿ. ಸಕ್ರಿಯಗೊಳಿಸುವಿಕೆ ಎಂದರೆ 25 ಅಕ್ಷರಾಂಕಗಳ ಉತ್ಪನ್ನ ಕೀಲಿಯ ಆಧಾರದ ಮೇಲೆ ಆ ಅನುಮತಿಯನ್ನು ಪರಿಶೀಲಿಸುವ ತಾಂತ್ರಿಕ ಕ್ರಮ. ಗಣಕಯಂತ್ರವು ಸಕ್ರಿಯವಾಗಿದೆ ಎಂದು ತೋರಿಸಿದ ಮಾತ್ರಕ್ಕೆ ಅದನ್ನು ಬಳಸುವವರ ಬಳಿ ಪರವಾನಗಿ ಇದೆ ಎಂದು ಭಾವಿಸತಕ್ಕದ್ದಲ್ಲ.

ವಿಂಡೋಸ್ ಪರವಾನಗಿಗಳು ಮುಖ್ಯವಾಗಿ ಮೂರು ಬಗೆಯವು.

(ಅ) ತಯಾರಕರ ಪರವಾನಗಿ: ಹೊಸ ಗಣಕಯಂತ್ರದೊಂದಿಗೆ ಬರುವಂಥದ್ದು. ಇದು ಆ ಯಂತ್ರಕ್ಕೆ ಸೇರಿದ್ದು; ಯಂತ್ರವನ್ನು ಮಾರಿದಾಗ ಅದರೊಂದಿಗೆ ಹೋಗುತ್ತದೆ.

(ಆ) ಚಿಲ್ಲರೆ ಪರವಾನಗಿ: ಗ್ರಾಹಕರು ಪ್ರತ್ಯೇಕವಾಗಿ ಖರೀದಿಸುವಂಥದ್ದು.

(ಇ) ಸಮೂಹ ಪರವಾನಗಿ: 'ವಾಲ್ಯೂಮ್ ಲೈಸೆನ್ಸ್' ಎಂದು ಕರೆಯಲಾಗುವ ಇದನ್ನು ಕಚೇರಿ, ಉದ್ಯಮ, ವಿಶ್ವವಿದ್ಯಾಲಯ ಮುಂತಾದ ಸಂಸ್ಥೆಗಳು ಅನೇಕ ಯಂತ್ರಗಳಿಗಾಗಿ ಒಂದೇ ಒಪ್ಪಂದದ ಅಡಿಯಲ್ಲಿ ಪಡೆಯುತ್ತವೆ. ಇದು ಸಂಸ್ಥೆಗೆ ಸೇರಿದ್ದು. ಯಂತ್ರವನ್ನು ಕೊಂಡವರಿಗೆ ತಾನಾಗಿಯೇ ವರ್ಗಾವಣೆಯಾಗುವುದಿಲ್ಲ.

ಸಮೂಹ ಪರವಾನಗಿಯಲ್ಲಿ ದೊರೆಯುವ ವಿಂಡೋಸ್ ಮೇಲ್ದರ್ಜೆಗೇರಿಸುವ ಪರವಾನಗಿಯಾಗಿರುತ್ತದೆ. ಅಂದರೆ, ಯಂತ್ರದಲ್ಲಿ ಅರ್ಹವಾದ ಮೂಲ ಪರವಾನಗಿಯು ಮೊದಲೇ ಇರತಕ್ಕದ್ದು. ಕಾರ್ಯಾಚರಣ ವ್ಯವಸ್ಥೆಯಿಲ್ಲದ ಯಂತ್ರಗಳನ್ನು ಕಡಿಮೆ ಬೆಲೆಗೆ ತಂದು, ಸಮೂಹ ಪರವಾನಗಿಯೊಂದನ್ನೇ ಅವಲಂಬಿಸಲು ಸಾಧ್ಯವಿಲ್ಲ. ಸಂಸ್ಥೆಗಳ ಖರೀದಿಯಲ್ಲಿ ಈ ಅಂಶವನ್ನು ವಿಶೇಷವಾಗಿ ಗಮನಿಸುವುದು ಅಗತ್ಯ.

3. ಹಿನ್ನೆಲೆ

2001ರಲ್ಲಿ ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿಯಲ್ಲಿ ಸಾಮಾನ್ಯ ಗ್ರಾಹಕರಿಗೆ ಸಕ್ರಿಯಗೊಳಿಸುವಿಕೆ ಕಡ್ಡಾಯವಾಯಿತು. ಆದರೆ ಸಮೂಹ ಪರವಾನಗಿಯ ಕೀಲಿಗಳಿಗೆ ಈ ನಿಯಮದಿಂದ ವಿನಾಯಿತಿ ಇತ್ತು. ಸಂಸ್ಥೆಗಳಿಂದ ಹೊರಬಿದ್ದ ಕೀಲಿಗಳು ಎಲ್ಲೆಡೆ ಹರಡಿ ಅನಧಿಕೃತವಾಗಿ ಬಳಕೆಯಾದವು. ಆದಕಾರಣ, 2006ರ ನವೆಂಬರ್‌ನಲ್ಲಿ ಸಂಸ್ಥೆಗಳಿಗೆ ಬಿಡುಗಡೆಯಾದ ವಿಂಡೋಸ್ ವಿಸ್ಟಾದಿಂದ ಮೊದಲ್ಗೊಂಡು ಸಮೂಹ ಪರವಾನಗಿಯ ಯಂತ್ರಗಳೂ ಸಕ್ರಿಯಗೊಳ್ಳಬೇಕೆಂಬ ವ್ಯವಸ್ಥೆ ಜಾರಿಗೆ ಬಂದಿತು. ಅಂದು ಜಾರಿಗೆ ಬಂದ ಎರಡು ವಿಧಾನಗಳೊಂದಿಗೆ 2012ರಲ್ಲಿ ವಿಂಡೋಸ್ 8 ಹಾಗೂ ವಿಂಡೋಸ್ ಸರ್ವರ್ 2012ರ ಮೂಲಕ ಮೂರನೆಯ ವಿಧಾನವೂ ಸೇರಿತು.

4. ಸಕ್ರಿಯಗೊಳಿಸುವ ವಿಧಾನಗಳು

4.1 ಬಹುಬಳಕೆಯ ಕೀಲಿ (ಎಂಎಕೆ)

ಈ ವಿಧಾನದಲ್ಲಿ ಸಂಸ್ಥೆಗೆ ನಿಗದಿತ ಸಂಖ್ಯೆಯ ಸಕ್ರಿಯಗೊಳಿಸುವಿಕೆಗೆ ಅವಕಾಶವಿರುವ ಒಂದು ಕೀಲಿಯನ್ನು ನೀಡಲಾಗುತ್ತದೆ. ಪ್ರತಿಯೊಂದು ಯಂತ್ರವೂ ಮೈಕ್ರೋಸಾಫ್ಟ್ ಸಂಸ್ಥೆಯ ಸರ್ವರನ್ನು ಒಮ್ಮೆ ಸಂಪರ್ಕಿಸಿ ಸಕ್ರಿಯಗೊಳ್ಳುತ್ತದೆ. ಅಂತರಜಾಲ ಸಂಪರ್ಕವಿಲ್ಲದ ಯಂತ್ರಗಳ ಪರವಾಗಿ ಸಂಪರ್ಕವಿರುವ ಬೇರೊಂದು ಯಂತ್ರದ ಮೂಲಕವೂ ಈ ಕಾರ್ಯವನ್ನು ನೆರವೇರಿಸಬಹುದು. ಒಮ್ಮೆ ಸಕ್ರಿಯಗೊಂಡ ನಂತರ ನವೀಕರಣದ ಅಗತ್ಯವಿರುವುದಿಲ್ಲ.

ಆದರೆ ಯಂತ್ರವನ್ನು ಅಳಿಸಿ ಪುನಃ ಸ್ಥಾಪಿಸಿದಾಗ, ಅಥವಾ ಮದರ್‌ಬೋರ್ಡ್‌ನಂತಹ ಪ್ರಮುಖ ಭಾಗವನ್ನು ಬದಲಾಯಿಸಿದಾಗ ಮತ್ತೆ ಸಕ್ರಿಯಗೊಳಿಸಬೇಕಾಗಬಹುದು. ಆಗ ಉಳಿದಿರುವ ಸಂಖ್ಯೆಯು ಕಡಿಮೆಯಾಗುತ್ತದೆ. ಆದ್ದರಿಂದ ಕೀಲಿಯನ್ನು ಯಾರು, ಎಂದು, ಯಾವ ಯಂತ್ರಕ್ಕೆ ಬಳಸಿದರು ಎಂಬುದನ್ನು ವಹಿಯಲ್ಲಿ ದಾಖಲಿಸುವುದು ಸೂಕ್ತ. ಕೀಲಿಯನ್ನು ಯಂತ್ರದ ಮೇಲೆ ಬರೆದು ಅಂಟಿಸುವುದಾಗಲೀ ಹೊರಗಿನವರಿಗೆ ತಿಳಿಸುವುದಾಗಲೀ ಕೂಡದು.

4.2 ಕೀಲಿ ನಿರ್ವಹಣಾ ಸೇವೆ (ಕೆಎಂಎಸ್)

ದೊಡ್ಡ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಈ ವಿಧಾನವು ಬಳಕೆಯಲ್ಲಿದೆ. ಸಂಸ್ಥೆಯ ಒಳಜಾಲದಲ್ಲಿ ಒಂದು ಆತಿಥೇಯ ಯಂತ್ರವನ್ನು ಸ್ಥಾಪಿಸಿ, ಅದನ್ನು ಮಾತ್ರ ಮೈಕ್ರೋಸಾಫ್ಟ್ ಸಂಸ್ಥೆಯೊಂದಿಗೆ ಸಕ್ರಿಯಗೊಳಿಸಲಾಗುತ್ತದೆ. ಉಳಿದ ಯಂತ್ರಗಳು ಹೊರಗಿನ ಅಂತರಜಾಲಕ್ಕೆ ಹೋಗದೆ ಈ ಆತಿಥೇಯ ಯಂತ್ರದಿಂದಲೇ ಸಕ್ರಿಯಗೊಳ್ಳುತ್ತವೆ. ಸಂಪರ್ಕಕ್ಕೆ ಪೂರ್ವನಿಯೋಜಿತವಾಗಿ 1688ನೆಯ ಪೋರ್ಟ್ ಬಳಕೆಯಾಗುತ್ತದೆ. ಇದರ ಮುಖ್ಯ ನಿಯಮಗಳು ಇಂತಿವೆ:

(1) ಕಚೇರಿ ಬಳಕೆಯ ವಿಂಡೋಸ್ ಸಕ್ರಿಯಗೊಳ್ಳಬೇಕಾದರೆ ಕನಿಷ್ಠ 25 ಯಂತ್ರಗಳು ಆತಿಥೇಯ ಯಂತ್ರವನ್ನು ಸಂಪರ್ಕಿಸಿರಬೇಕು. ವಿಂಡೋಸ್ ಸರ್ವರ್‌ಗೆ ಈ ಕನಿಷ್ಠ ಸಂಖ್ಯೆ 5.

(2) ಸಕ್ರಿಯಗೊಂಡ ಸ್ಥಿತಿಯು 180 ದಿನಗಳವರೆಗೆ ಮಾನ್ಯ.

(3) ಸಕ್ರಿಯವಾಗಿರುವ ಯಂತ್ರವು ಪ್ರತಿ 7 ದಿನಗಳಿಗೊಮ್ಮೆ ನವೀಕರಣಕ್ಕೆ ಪ್ರಯತ್ನಿಸುತ್ತದೆ. ಯಶಸ್ವಿಯಾದಾಗ 180 ದಿನಗಳ ಲೆಕ್ಕವು ಹೊಸದಾಗಿ ಆರಂಭವಾಗುತ್ತದೆ.

(4) ಇನ್ನೂ ಸಕ್ರಿಯಗೊಳ್ಳದ ಯಂತ್ರವು ಪ್ರತಿ 2 ಗಂಟೆಗಳಿಗೊಮ್ಮೆ ಪ್ರಯತ್ನಿಸುತ್ತದೆ.

(5) 30 ದಿನಗಳವರೆಗೆ ಸಂಪರ್ಕಿಸದ ಯಂತ್ರವನ್ನು ಆತಿಥೇಯ ಯಂತ್ರವು ತನ್ನ ಎಣಿಕೆಯಿಂದ ಕೈಬಿಡುತ್ತದೆ.

ಉದಾಹರಣೆ: ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ 24 ಯಂತ್ರಗಳಿದ್ದು ಎಲ್ಲವೂ ಆತಿಥೇಯ ಯಂತ್ರವನ್ನು ಸಂಪರ್ಕಿಸಿದರೂ ಒಂದೂ ಸಕ್ರಿಯಗೊಳ್ಳುವುದಿಲ್ಲ. ಕಚೇರಿಯ ಮತ್ತೊಂದು ಯಂತ್ರವು ಸೇರಿ ಸಂಖ್ಯೆ 25 ಆದೊಡನೆ ಅದು ಸಕ್ರಿಯಗೊಳ್ಳುತ್ತದೆ. ಉಳಿದ 24 ಯಂತ್ರಗಳು ತಮ್ಮ ಮುಂದಿನ ಪ್ರಯತ್ನದಲ್ಲಿ ಸಕ್ರಿಯಗೊಳ್ಳುತ್ತವೆ. ದೀರ್ಘ ರಜೆಯಲ್ಲಿ ಪ್ರಯೋಗಾಲಯವನ್ನು ಮುಚ್ಚಿದ್ದಲ್ಲಿ ಎಣಿಕೆಯು 25ಕ್ಕಿಂತ ಕೆಳಗಿಳಿಯಬಹುದು. ಆದರೆ 180 ದಿನಗಳ ಅವಧಿಯು ಉಳಿದಿರುವುದರಿಂದ, ರಜೆಯ ನಂತರ ಎಲ್ಲ ಯಂತ್ರಗಳನ್ನೂ ಜಾಲಕ್ಕೆ ಸೇರಿಸಿ ಚಾಲನೆಯಲ್ಲಿಟ್ಟಲ್ಲಿ ನವೀಕರಣವು ಸಾಮಾನ್ಯವಾಗಿ ತಾನಾಗಿಯೇ ಆಗುತ್ತದೆ. ಹತ್ತಿಪ್ಪತ್ತು ಯಂತ್ರಗಳಿರುವ ಸಣ್ಣ ಸಂಸ್ಥೆಗಳಿಗೆ ಬಹುಬಳಕೆಯ ಕೀಲಿಯೇ ಅನುಕೂಲಕರ.

4.3 ಆಕ್ಟಿವ್ ಡೈರೆಕ್ಟರಿ ಆಧಾರಿತ ವಿಧಾನ

ಸಂಸ್ಥೆಯ ಡೊಮೇನ್‌ಗೆ ಸೇರಿದ ಯಂತ್ರಗಳು ಈ ವಿಧಾನದಲ್ಲಿ ಸಕ್ರಿಯಗೊಳ್ಳುತ್ತವೆ. ಇದಕ್ಕೆ ಕನಿಷ್ಠ ಸಂಖ್ಯೆಯ ನಿಯಮವಿಲ್ಲ. ವಿಂಡೋಸ್ 8 ಹಾಗೂ ನಂತರದ ಆವೃತ್ತಿಗಳಿಗೆ ಮಾತ್ರ ಅನ್ವಯಿಸುತ್ತದೆ. ಇಲ್ಲಿಯೂ ಮಾನ್ಯತೆಯ ಅವಧಿ 180 ದಿನಗಳು.

5. ಬಳಸಿದ ಗಣಕಯಂತ್ರ ಖರೀದಿಸುವವರ ಗಮನಕ್ಕೆ

ಸಂಸ್ಥೆಗಳು ವಿಲೇವಾರಿ ಮಾಡಿದ ಯಂತ್ರಗಳು ಮರುಮಾರಾಟಕ್ಕೆ ಬಂದಾಗ, ಅವುಗಳಲ್ಲಿ ಸಂಸ್ಥೆಯ ಕೀಲಿ ನಿರ್ವಹಣಾ ಸೇವೆಯಿಂದ ಸಕ್ರಿಯಗೊಂಡ ವಿಂಡೋಸ್ ಹಾಗೆಯೇ ಉಳಿದಿರಬಹುದು. ಯಂತ್ರವು ಸಂಸ್ಥೆಯ ಒಳಜಾಲವನ್ನು ಮತ್ತೆ ಸಂಪರ್ಕಿಸಲಾರದ ಕಾರಣ ಗರಿಷ್ಠ 180 ದಿನಗಳಲ್ಲಿ ಅದು ನಿಷ್ಕ್ರಿಯವಾಗುತ್ತದೆ. ವಿದ್ಯಾಭ್ಯಾಸಕ್ಕಾಗಿ ಅಥವಾ ಸ್ವಯಂ ಉದ್ಯೋಗಕ್ಕಾಗಿ ಸಾಲ ಮಾಡಿ ಯಂತ್ರ ಕೊಳ್ಳುವವರು ಹಣ ಪಾವತಿಸುವ ಮುನ್ನ ಈ ಕೆಳಗಿನಂತೆ ಪರಿಶೀಲಿಸಬೇಕೆಂದು ಸಲಹೆ ನೀಡಲಾಗಿದೆ.

ಹಂತ 1: ಕೀಲಿಮಣೆಯಲ್ಲಿ ವಿಂಡೋಸ್ ಗುಂಡಿ ಹಾಗೂ 'ಆರ್' ಗುಂಡಿಯನ್ನು ಒಟ್ಟಿಗೆ ಒತ್ತುವುದು.

ಹಂತ 2: ತೆರೆಯುವ ಚೌಕದಲ್ಲಿ 'ಎಸ್‌ಎಲ್‌ಎಂಜಿಆರ್' ಎಂಬ ಐದು ಇಂಗ್ಲಿಷ್ ಅಕ್ಷರಗಳು, ಒಂದು ತೆರಪು, ಒಂದು ಓರೆಗೆರೆ (/) ಹಾಗೂ 'ಎಕ್ಸ್‌ಪಿಆರ್' ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಬೆರಳಚ್ಚಿಸಿ ಎಂಟರ್ ಗುಂಡಿಯನ್ನು ಒತ್ತುವುದು.

ಹಂತ 3: ಮುಕ್ತಾಯದ ದಿನಾಂಕವೊಂದು ಕಾಣಿಸಿದಲ್ಲಿ, ಅದು ಕೀಲಿ ನಿರ್ವಹಣಾ ಸೇವೆಯಂತಹ ಅವಧಿಬದ್ಧ ವಿಧಾನದಿಂದ ಸಕ್ರಿಯಗೊಂಡದ್ದೆಂದು ತಿಳಿಯುವುದು. ಶಾಶ್ವತವಾಗಿ ಸಕ್ರಿಯವೆಂದು ಕಾಣಿಸಿದಲ್ಲಿ ಮುಂದಿನ ಹಂತಕ್ಕೆ ಹೋಗುವುದು.

ಹಂತ 4: ಕೊನೆಯ ಮೂರು ಅಕ್ಷರಗಳ ಬದಲಿಗೆ 'ಡಿಎಲ್‌ಐ' ಎಂದು ಬೆರಳಚ್ಚಿಸಿ ನೋಡುವುದು. ವಿವರದಲ್ಲಿ 'ವಾಲ್ಯೂಮ್' ಎಂಬ ಪದವಿದ್ದಲ್ಲಿ ಅದು ಸಂಸ್ಥೆಯೊಂದರ ಪರವಾನಗಿಯ ಕೀಲಿ. 'ಒಇಎಂ' ಎಂದಿದ್ದಲ್ಲಿ ತಯಾರಕರ ಪರವಾನಗಿ. 'ರೀಟೇಲ್' ಎಂದಿದ್ದಲ್ಲಿ ಚಿಲ್ಲರೆ ಪರವಾನಗಿ.

ಸಂಸ್ಥೆಯ ಕೀಲಿ ಇರುವುದು ಕಂಡುಬಂದರೂ ಯಂತ್ರವನ್ನು ಕೈಬಿಡಲೇಬೇಕೆಂದಿಲ್ಲ. ವಿಂಡೋಸ್ 8 ಅಥವಾ ನಂತರದ ಆವೃತ್ತಿಯೊಂದಿಗೆ ತಯಾರಾದ ಯಂತ್ರಗಳಲ್ಲಿ ತಯಾರಕರ ಕೀಲಿಯು ಸಾಮಾನ್ಯವಾಗಿ ಯಂತ್ರದೊಳಗೇ ಅಡಕವಾಗಿರುತ್ತದೆ. ಅದೇ ದರ್ಜೆಯ ವಿಂಡೋಸ್ ಅನ್ನು ಅಧಿಕೃತ ಮೂಲದಿಂದ ಪುನಃ ಸ್ಥಾಪಿಸಿದಲ್ಲಿ ಹೊಸ ಖರ್ಚಿಲ್ಲದೆ ಕಾನೂನುಬದ್ಧವಾಗಿ ಸಕ್ರಿಯಗೊಳ್ಳುವ ಸಾಧ್ಯತೆ ಇದೆ. ಪುನಃ ಸ್ಥಾಪಿಸುವ ಮುನ್ನ ಕಡತಗಳ ಪ್ರತಿಯನ್ನು ಬೇರೆಡೆ ಉಳಿಸಿಕೊಳ್ಳತಕ್ಕದ್ದು.

6. ಅನಧಿಕೃತ ಸಕ್ರಿಯಕಗಳ ಬಗ್ಗೆ ಎಚ್ಚರಿಕೆ

ಕೀಲಿ ನಿರ್ವಹಣಾ ಸೇವೆಯ ಆತಿಥೇಯ ಯಂತ್ರವನ್ನು ಅನುಕರಿಸಿ ವಿಂಡೋಸ್ ಅನ್ನು ವಂಚಿಸುವ ತಂತ್ರಾಂಶಗಳು ಅಂತರಜಾಲದಲ್ಲಿ ಹರಿದಾಡುತ್ತಿವೆ. ಇವುಗಳನ್ನು ಸ್ಥಾಪಿಸುವವರು ಮೊದಲು ವೈರಸ್ ನಿರೋಧಕ ರಕ್ಷಣೆಯನ್ನು ನಿಲ್ಲಿಸುವಂತೆ ಸೂಚಿಸಲಾಗುತ್ತದೆ. ಅಪಾಯವು ಇಲ್ಲಿಂದಲೇ ಆರಂಭವಾಗುತ್ತದೆ. ಇಂತಹ ಸಕ್ರಿಯಕದ ಹೆಸರಿನಲ್ಲಿ, ಬ್ರೌಸರ್‌ನಲ್ಲಿನ ಗುಪ್ತಪದ ಮುಂತಾದ ಮಾಹಿತಿಯನ್ನು ಕದಿಯುವ 'ಕ್ರಿಪ್ಟ್‌ಬಾಟ್' ಎಂಬ ಕುತಂತ್ರಾಂಶವನ್ನು ಹರಡಲಾಗುತ್ತಿದ್ದುದನ್ನು 2021ರಲ್ಲಿ ಭದ್ರತಾ ತಜ್ಞರು ಬಹಿರಂಗಪಡಿಸಿದ್ದರು.

ಸೇವಾ ಕೇಂದ್ರದ ಯಂತ್ರದಲ್ಲಿ ಆಧಾರ್ ಪ್ರತಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ, ಬ್ಯಾಂಕ್ ಪುಸ್ತಕದ ಪ್ರತಿ ಮುಂತಾದ ನೂರಾರು ಜನರ ದಾಖಲೆಗಳಿರುತ್ತವೆ. ಅಲ್ಲಿ ಅನಧಿಕೃತ ಸಕ್ರಿಯಕವನ್ನು ಬಳಸಿದರೆ ಅಪಾಯಕ್ಕೆ ಒಳಗಾಗುವವರು ಕೇಂದ್ರದ ಮಾಲೀಕರು ಮಾತ್ರವಲ್ಲ, ವಿಶ್ವಾಸದಿಂದ ದಾಖಲೆಗಳನ್ನು ಒಪ್ಪಿಸಿದ ಎಲ್ಲ ಅರ್ಜಿದಾರರು.

ಕೃತಿಸ್ವಾಮ್ಯ ಅಧಿನಿಯಮ, 1957ರ 63ಬಿ ಪ್ರಕರಣದ ಮೇರೆಗೆ, ಉಲ್ಲಂಘನಾ ಪ್ರತಿಯೆಂದು ತಿಳಿದೂ ಗಣಕಯಂತ್ರ ತಂತ್ರಾಂಶವನ್ನು ಬಳಸುವವರಿಗೆ ಕನಿಷ್ಠ 7 ದಿನಗಳಿಂದ 3 ವರ್ಷಗಳವರೆಗೆ ಕಾರಾವಾಸ ಹಾಗೂ 50,000 ರೂ.ಗಳಿಂದ 2 ಲಕ್ಷ ರೂ.ಗಳವರೆಗೆ ಜುಲ್ಮಾನೆ ವಿಧಿಸಬಹುದಾಗಿದೆ. ಲಾಭಕ್ಕಾಗಿ ಅಥವಾ ವ್ಯಾಪಾರಕ್ಕಾಗಿ ಬಳಸಿಲ್ಲದ ಸಂದರ್ಭದಲ್ಲಿ ನ್ಯಾಯಾಲಯವು ಕಾರಣಗಳನ್ನು ದಾಖಲಿಸಿ ಕಾರಾವಾಸವನ್ನು ಕೈಬಿಡಬಹುದು.

7. ಆಗಾಗ್ಗೆ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಅಂತರಜಾಲದಲ್ಲಿ ಕೆಲವೇ ನೂರು ರೂಪಾಯಿಗಳಿಗೆ ದೊರೆಯುವ ಕೀಲಿಯನ್ನು ಕೊಳ್ಳಬಹುದೇ?
ಉತ್ತರ: ಅಂತಹ ಕೀಲಿಯು ಯಾವುದಾದರೂ ಸಂಸ್ಥೆಯ ಬಹುಬಳಕೆಯ ಕೀಲಿಯಾಗಿರುವ ಸಾಧ್ಯತೆ ಇದೆ. ಕೀಲಿ ಕೆಲಸ ಮಾಡಿದರೂ ಪರವಾನಗಿ ತಮ್ಮದಾಗುವುದಿಲ್ಲ. ದುರುಪಯೋಗ ಕಂಡುಬಂದಲ್ಲಿ ಮೈಕ್ರೋಸಾಫ್ಟ್ ಅಂತಹ ಕೀಲಿಯನ್ನು ತಡೆಹಿಡಿಯಬಹುದು.

ಪ್ರಶ್ನೆ: ವಿಂಡೋಸ್ ನಿಷ್ಕ್ರಿಯವಾದರೆ ನನ್ನ ಕಡತಗಳು ನಾಶವಾಗುತ್ತವೆಯೇ?
ಉತ್ತರ: ಇಲ್ಲ. ವಿಂಡೋಸ್ 10 ಮತ್ತು 11ರಲ್ಲಿ ಪರದೆಯ ಮೇಲೆ ಸೂಚನೆ ಕಾಣಿಸುತ್ತದೆ ಹಾಗೂ ಹಿನ್ನೆಲೆ ಚಿತ್ರ, ಬಣ್ಣ ಮುಂತಾದ ಹೊಂದಾಣಿಕೆಗಳು ನಿರ್ಬಂಧಿತವಾಗುತ್ತವೆ. ಕಡತಗಳನ್ನು ತೆರೆಯಬಹುದು. ಗಾಬರಿಯಿಂದ ಅನಧಿಕೃತ ತಂತ್ರಾಂಶದ ಮೊರೆ ಹೋಗುವ ಅಗತ್ಯವಿಲ್ಲ.

ಪ್ರಶ್ನೆ: ಹೋಮ್ ಆವೃತ್ತಿಯನ್ನು ಸಮೂಹ ಪರವಾನಗಿಯಲ್ಲಿ ಪಡೆಯಬಹುದೇ?
ಉತ್ತರ: ಇಲ್ಲ. ಹೋಮ್ ಆವೃತ್ತಿಯು ಸಮೂಹ ಪರವಾನಗಿಯಲ್ಲಿ ದೊರೆಯುವುದಿಲ್ಲ.

ಪ್ರಶ್ನೆ: ಕನ್ನಡದಲ್ಲಿ ಬೆರಳಚ್ಚಿಸಲು ಪ್ರತ್ಯೇಕ ಕೀಲಿ ಬೇಕೇ?
ಉತ್ತರ: ಬೇಕಿಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶವು ಉಚಿತವಾಗಿದೆ. ವಿಂಡೋಸ್‌ನಲ್ಲಿಯೇ ಕನ್ನಡದ ಯೂನಿಕೋಡ್ ಸೌಲಭ್ಯವೂ ಇದೆ.

ಪ್ರಶ್ನೆ: ಪರವಾನಗಿ ಕೊಳ್ಳುವ ಶಕ್ತಿ ಇಲ್ಲದವರು ಏನು ಮಾಡಬೇಕು?
ಉತ್ತರ: ಉಬುಂಟು ಹಾಗೂ ಸಿ-ಡ್ಯಾಕ್ ಸಂಸ್ಥೆಯು ಅಭಿವೃದ್ಧಿಪಡಿಸಿದ ಬಾಸ್ ಮುಂತಾದ ಲಿನಕ್ಸ್ ಆಧಾರಿತ ವ್ಯವಸ್ಥೆಗಳನ್ನು ಬಳಸಬಹುದು. ಇವುಗಳಿಗೆ ಉತ್ಪನ್ನ ಕೀಲಿಯಾಗಲೀ ಸಕ್ರಿಯಗೊಳಿಸುವಿಕೆಯಾಗಲೀ ಬೇಕಿಲ್ಲ. ಆದರೆ ಬೆರಳಚ್ಚು ಸಾಧನದಂತಹ ಉಪಕರಣಗಳನ್ನು ಬಳಸುವವರು, ಅವು ಲಿನಕ್ಸ್‌ನಲ್ಲಿ ಕಾರ್ಯನಿರ್ವಹಿಸುವವೇ ಎಂದು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು.

ಪ್ರಶ್ನೆ: ಸಕ್ರಿಯವಾಗಿರುವ ವಿಂಡೋಸ್ 10 ಸಾಕೇ?
ಉತ್ತರ: ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿದೆ. ಸಕ್ರಿಯಗೊಳಿಸುವಿಕೆ ಬೇರೆ, ಭದ್ರತಾ ಪರಿಷ್ಕರಣೆ ಬೇರೆ. ಯಂತ್ರ ಕೊಳ್ಳುವಾಗ ಎರಡನ್ನೂ ವಿಚಾರಿಸುವುದು ಒಳಿತು.

8. ಸಾರಾಂಶ

ಯಂತ್ರದ ರಸೀದಿಯಲ್ಲಿ ಕಾರ್ಯಾಚರಣ ವ್ಯವಸ್ಥೆಯ ಹೆಸರು, ಆವೃತ್ತಿ ಹಾಗೂ ಪರವಾನಗಿಯ ಬಗೆಯನ್ನು ಬರೆಸಿಕೊಳ್ಳುವುದು. ಸಂಸ್ಥೆಗಳು ಕೀಲಿಗಳನ್ನು ಜವಾಬ್ದಾರಿಯುತ ಒಬ್ಬ ಸಿಬ್ಬಂದಿಯ ವಶದಲ್ಲಿರಿಸುವುದು. ಯಂತ್ರಗಳನ್ನು ವಿಲೇವಾರಿ ಮಾಡುವ ಮುನ್ನ ಸಂಸ್ಥೆಯ ಕೀಲಿಯನ್ನೂ ದತ್ತಾಂಶವನ್ನೂ ಅಳಿಸುವುದು. ಸಾರ್ವಜನಿಕರು ಸ್ವಂತ ದಾಖಲೆಗಳನ್ನು ನೀಡಿದ ಕೇಂದ್ರಗಳಲ್ಲಿ, ಕೆಲಸ ಮುಗಿದ ನಂತರ ಅವುಗಳ ಪ್ರತಿಯನ್ನು ಯಂತ್ರದಿಂದ ಅಳಿಸುವಂತೆ ಕೇಳುವುದು.

ಸೂಚನೆ: ಈ ಪುಟದಲ್ಲಿನ ವಿವರಗಳು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಪರವಾನಗಿಗೆ ಸಂಬಂಧಿಸಿದಂತೆ ಆಯಾ ಒಪ್ಪಂದದ ಷರತ್ತುಗಳೇ ಅಂತಿಮವಾಗಿರುತ್ತವೆ.