ಬಾಳೆಹಣ್ಣು ಯಾಕೆ ಕಪ್ಪಾಗುತ್ತೆ? ಉತ್ತರದಲ್ಲಿ ಡೋಪಮೈನ್ ಇದೆ!

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ನಮ್ಮ ಕಡೆ ಯಾವ ಅಡುಗೆಮನೆಗೆ ಹೋದ್ರೂ ಬಾಳೆಹೂವು ಹೆಚ್ಚಿದ ಕೂಡಲೇ ಮಜ್ಜಿಗೆ ನೀರಿಗೆ ಬೀಳುತ್ತೆ. ಇಲ್ಲಾಂದ್ರೆ ಕಪ್ಪು. ಕತ್ತಿ ತಾಗಿ ಜೀವಕೋಶ ಒಡೆದಾಗ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವ ಗಾಳಿಯ ಆಮ್ಲಜನಕ ಬಳಸಿ ಫಿನಾಲ್‌ಗಳನ್ನು ಕ್ವಿನೋನ್ ಆಗಿ ಬದಲಾಯಿಸುತ್ತದೆ. ಕ್ವಿನೋನ್‌ಗಳು ಒಂದಕ್ಕೊಂದು ಸೇರಿ ಬಣ್ಣ ಕಪ್ಪಾಗುತ್ತದೆ. ಮಜ್ಜಿಗೆಯ ಹುಳಿಗೆ ಈ ಕಿಣ್ವ ಮಂಕಾಗುತ್ತದೆ, ಅಷ್ಟೇ.

ಈ ಕಿಣ್ವಕ್ಕೆ ಬಲು ಇಷ್ಟದ ತಿಂಡಿಗಳಲ್ಲೊಂದು ಡೋಪಮೈನ್. ಹೌದು, ರೀಲ್ಸ್ ವಿಷಯ ಬಂದಾಗಲೆಲ್ಲ ಎಲ್ಲರ ಬಾಯಲ್ಲಿ ಬರೋ ಅದೇ ಡೋಪಮೈನ್. ಮಿದುಳಿನ ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ; ಪಾರ್ಕಿನ್ಸನ್ ಕಾಯಿಲೆಯಲ್ಲಿ ಕಡಿಮೆಯಾಗೋದೂ ಇದೇ.

1985ರಲ್ಲಿ ಸಿಡ್ವೆಲ್ ಮತ್ತು ರೆಕ್ನಿಟ್ಜ್ ಎಂಬ ವಿಜ್ಞಾನಿಗಳು ಬಾಳೆಹಣ್ಣಿನ ತಿರುಳಿನ ತೆಳು ಪದರವನ್ನು ಆಮ್ಲಜನಕ ಅಳೆಯುವ ಎಲೆಕ್ಟ್ರೋಡ್‌ನ ತುದಿಗೆ ಕೂರಿಸಿದರು. ಡೋಪಮೈನ್ ಇರುವ ದ್ರಾವಣಕ್ಕೆ ಅದ್ದಿದರೆ ಕಿಣ್ವ ಆಮ್ಲಜನಕ ಖರ್ಚು ಮಾಡುತ್ತೆ, ಕರೆಂಟ್ ಇಳಿಯುತ್ತೆ. ಇಳಿದಷ್ಟೂ ಡೋಪಮೈನ್ ಜಾಸ್ತಿ. ಹೆಸರೂ ಮಜವಾಗಿದೆ, ‘ಬನಾನಾಟ್ರೋಡ್’. 1988ರಲ್ಲಿ ಜೋಸೆಫ್ ವಾಂಗ್ ಮತ್ತು ಲಿನ್ ಹಣ್ಣನ್ನು ಕಾರ್ಬನ್ ಪೇಸ್ಟಿನ ಜೊತೆಗೇ ಕಲಸಿಬಿಟ್ಟರು, ಹೆಚ್ಚುಕಮ್ಮಿ ಚಟ್ನಿ ತರ. ಕಿಣ್ವವೂ ಎಲೆಕ್ಟ್ರೋಡೂ ಅಕ್ಕಪಕ್ಕ ಇರೋದ್ರಿಂದ ಉತ್ತರ ಬೇಗ ಸಿಕ್ಕಿತು.

ಕಿಣ್ವವನ್ನು ಶುದ್ಧ ಮಾಡಿ ಬಾಟಲಿಯಲ್ಲಿ ಕೊಳ್ಳೋದು ದುಬಾರಿ. ಹಣ್ಣಿನೊಳಗೆ ಅದು ತನ್ನ ಸ್ವಂತ ಮನೆಯಲ್ಲಿ ಇದ್ದಂತೆ, ಗಟ್ಟಿಯಾಗಿರುತ್ತೆ. ಆದರೆ ಒಂದು ಹಣ್ಣಿದ್ದಂತೆ ಇನ್ನೊಂದು ಇರಲ್ಲ. ಡೋಪಮೈನ್ ಅಂತಲೇ ಅಲ್ಲ, ಅದರ ದಾಯಾದಿಗಳಾದ ಕ್ಯಾಟೆಕಾಲ್‌ಗಳಿಗೂ ಕಿಣ್ವ ಓಗೊಡುತ್ತದೆ.

ಕಿಣ್ವವಿಲ್ಲದ ಬರೀ ಎಲೆಕ್ಟ್ರೋಡಿಗೆ ಬೇರೆ ತಲೆನೋವು: ದೇಹದ ದ್ರವಗಳಲ್ಲಿ ವಿಟಮಿನ್ ಸಿ ತುಂಬಾ ಜಾಸ್ತಿ, ಅದೂ ಹೆಚ್ಚುಕಮ್ಮಿ ಅದೇ ವೋಲ್ಟೇಜ್‌ನಲ್ಲಿ ಸಿಗ್ನಲ್ ಕೊಡುತ್ತೆ. ಎರಡನ್ನೂ ಬೇರ್ಪಡಿಸಲು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಲ್ಯಾಬಿನಲ್ಲೂ ಮಡಿಕೇರಿಯ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಕಾಲೇಜಿನಲ್ಲೂ ಕಾರ್ಬನ್ ಪೇಸ್ಟಿಗೆ ಬೇರೆ ಬೇರೆ ವಸ್ತು ಸೇರಿಸಿ ಕೆಲಸ ನಡೆದಿದೆ. ಬೆಟ್ಟ ಹತ್ತಿದರೆ ಸಿಗೋ ಊರುಗಳು ಅಂತ ನಂಗೆ ಸ್ವಲ್ಪ ಹೆಮ್ಮೆ.

ಇದನ್ನೆಲ್ಲ ಹುಡುಕಿ ಓದಿದ್ದು ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿನ ಒಂದು ಫಾರ್ವರ್ಡ್‌ನಿಂದ: ‘ಬಾಳೆಹಣ್ಣಲ್ಲಿ ಡೋಪಮೈನ್ ಇದೆ, ಪಾರ್ಕಿನ್ಸನ್‌ಗೆ ಮಾತ್ರೆ ಬೇಡ.’ ಮೊದಲರ್ಧ ನಿಜ, ಸಿಪ್ಪೆಯಲ್ಲಂತೂ ಬೇಕಾದಷ್ಟಿದೆ. ಎರಡನೆಯದು ಅಪಾಯ. ತಿಂದ ಡೋಪಮೈನ್ ರಕ್ತದಿಂದ ಮಿದುಳಿನೊಳಗೆ ದಾಟುವುದಿಲ್ಲ. ಮಾತ್ರೆಯಲ್ಲಿರುವ ಲೆವೊಡೋಪಾ ದಾಟುತ್ತದೆ, ಒಳಗೆ ಹೋಗಿ ಡೋಪಮೈನ್ ಆಗುತ್ತದೆ. ಬೆಳ್ತಂಗಡಿಯ ದೊಡ್ಡಪ್ಪನಿಗೆ ಫೋನ್ ಮಾಡಿ ಹೇಳಿದೆ. ಊಟ ಆದ್ಮೇಲೆ ಕದಳಿ ಹಣ್ಣು ಮೊದಲಿನಂತೆಯೇ ತಿನ್ತಾರೆ. ಮಾತ್ರೆ ಡಾಕ್ಟರ್ ಬರೆದ ಹೊತ್ತಿಗೆ.